ಇನ್ನೊಂದ್ ಮಳಿಗಾಲ ತಡಿತೈತಿ

ಗುಡಿ, ಬಸದಿ, ದರ್ಗಾ, ಚರ್ಚು ಯಾವುದೇ ಇರಲಿ, ಒಳಗಿರುವ ದೇವರು ಒಬ್ಬ, ಮೇಲಿನ ಹಂಚಿನ ಮಾಲಕ ಬೇರೊಬ್ಬ. ಅವನನ್ನು ಯಾರೂ ಆರಿಸಿಲ್ಲ, ಯಾರೂ ಇಳಿಸಲಾರರು. ಕಾಗವಾಡ ಸೀಮೆಯ ನಮ್ಮ ಸಣ್ಣ ಚರ್ಚಿಗೂ ಅಂಥವರೊಬ್ಬರಿದ್ದಾರೆ. ಯಾವ ಊರು ಎಂದು ಕೇಳಬೇಡಿ, ಮುಂದಿನ ರವಿವಾರ ನಾನು ಅಲ್ಲಿಗೇ ಹೋಗಬೇಕು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ.

ಚರ್ಚಿನ ಕೀಲಿ ಕಾಕಾನ ಉಡದಾರದಲ್ಲಿರುತ್ತದೆ. ಬಾಗಿದ ಮೊಳೆಗಳನ್ನು ಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿ ಡಾಲ್ಡಾ ಡಬ್ಬಿಯಲ್ಲಿ ಕೂಡಿಡುತ್ತಾರೆ. ಪಾಸ್ಟರು ಕಡೆಯ ಆಮೆನ್ ಎನ್ನುವುದಕ್ಕೂ ಇವರು ಫ್ಯಾನು ಬಂದ್ ಮಾಡುವುದಕ್ಕೂ ಸರಿಹೋಗುತ್ತದೆ. ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದೇ. ಪ್ರತಿ ಮೇ ತಿಂಗಳ ಕೊನೆಗೆ ಕಮಿಟಿ ಕೂತು ಛಾವಣಿಯ ಮಾತು ಎತ್ತಿದ ಕೂಡಲೇ ಕಾಕಾ ಒಮ್ಮೆ ಮೇಲೆ ನೋಡಿ, "ಏ, ಏನ್ ಆಗೇತ್ರಿ ಅದಕ? ಇನ್ನೊಂದ್ ಮಳಿಗಾಲ ತಡಿತೈತಿ" ಎಂದುಬಿಡುತ್ತಾರೆ. ಅಥಣಿಯಿಂದ ಬೇರ್ಪಟ್ಟು ಕಾಗವಾಡ ತಾಲೂಕಾಯಿತು. ನಮ್ಮ ಹಂಚು ಮಾತ್ರ ಅಲ್ಲೇ ಉಳಿಯಿತು.

ಹವಾಮಾನವೂ ಅವರ ಪಕ್ಷ. ಸಹ್ಯಾದ್ರಿಯ ಆಚೆ ಸುರಿದು ಬರಿದಾದ ಮೋಡಗಳು ನಮ್ಮತ್ತ ಬರುವಷ್ಟರಲ್ಲಿ ಹನಿ ಎಣಿಸಿ ಹಾಕುತ್ತವೆ. "ನಮ್ಮ ಕಡೆ ನೀರು ಮ್ಯಾಲಿಂದ ಎಲ್ಲಿ ಬರ್ತೈತ್ರಿ ಮಾಸ್ತರ, ಬರೂದು ತೆಳಗಿಂದ" ಎನ್ನುತ್ತಾರೆ ಕಾಕಾ. 2005ರಲ್ಲೂ 2019ರಲ್ಲೂ ಕೃಷ್ಣೆ ಉಕ್ಕಿದ್ದನ್ನು ಕಂಡವರು ಇದಕ್ಕೆ ಏನು ಉತ್ತರ ಕೊಟ್ಟಾರು? ಹಾಸನದ ಕಡೆ ಹೋಗಿಬಂದ ಹುಡುಗನೊಬ್ಬ ಕಾಕಾನನ್ನು ಹೆದರಿಸಲೆಂದು ಶೆಟ್ಟಿಹಳ್ಳಿ ಚರ್ಚಿನ ಫೋಟೋ ತೋರಿಸಿದ. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಏಳುತ್ತ, ಛಾವಣಿ ಕಳೆದುಕೊಂಡು, ಬರೀ ಗೋಡೆ ಕಮಾನುಗಳಾಗಿ ನಿಂತದ್ದು. ಕಾಕಾ ಚಾಳೀಸು ಏರಿಸಿ ನೋಡಿ, "ಮ್ಯಾಲ ಏನೂ ಇಲ್ದನ ಎಷ್ಟ್ ಮಂದಿ ಬರಾಕತ್ತಾರ ನೋಡ್ರಿ! ನಮ್ಮಲ್ಲಿ ಹಂಚ ಇದ್ದೂ ಮೂವತ್ತ ಮಂದಿ" ಎಂದರು.

ಹೋದ ವರ್ಷ ಅವರನ್ನು ಸಾಕ್ಷಿ ಸಮೇತ ಹಿಡಿಯಬೇಕೆಂದು ಹಟ ತೊಟ್ಟೆ. ಹಂಚಿನ ಛಾವಣಿ ಪರೀಕ್ಷಿಸಲು ಎಂಜಿನಿಯರು ಬೇಕಿಲ್ಲ. ಮಟಮಟ ಮಧ್ಯಾಹ್ನ ಒಳಗೆ ನಿಂತು ಬಾಗಿಲು ಕಿಟಕಿ ಮುಚ್ಚಿದರೆ ತೂತುಗಳು ತಾವೇ ಹೊಳೆಯುತ್ತವೆ. ಮುಚ್ಚಿದೆವು. ನಾನು ಎಣಿಸಿ ನಲವತ್ತೊಂದು ಎಂದೆ, ಕಾಕಾ ಹದಿನೇಳು ಎಂದರು. ಅವರ ಒಂದು ಕಣ್ಣಿನ ಪೊರೆ ತೆಗೆಸುವುದು ಇನ್ನೂ ಬಾಕಿಯಿದೆ ಎಂದು ರಿಯಾಯಿತಿ ಕೊಟ್ಟರೂ ಉಳಿದ ಇಪ್ಪತ್ತನಾಲ್ಕು ಎಲ್ಲಿ ಹೋದವು? "ಅವು ತೂತಲ್ರಿ, ಗಾಳಿಗೆ ಬಿಟ್ಟದ್ದು."

ಏಣಿ ಬಂತು. ಎಪ್ಪತ್ತು ದಾಟಿದ ಮನುಷ್ಯ ಧೋತರ ಎತ್ತಿ ಕಟ್ಟಿ ಏರಿ, ಐದು ರೂಪಾಯಿ ನಾಣ್ಯದಿಂದ ಹಂಚಿಗೆ ಬಡಿದರು. ಟಣ್! "ಕೇಳಿದ್ರಿ? ಸತ್ತ ಹಂಚ ಹಿಂಗ ಮಾತಾಡ್ತೈತೇನು?" ಮಾತು ಸುಳ್ಳಲ್ಲ. ಹದವಾಗಿ ಬೆಂದ ಹಂಚು ಗಂಟೆಯ ಹಾಗೆ ನುಡಿಯುತ್ತದೆ. ಸೀಳಿದ್ದು, ನೀರು ಕುಡಿದದ್ದು ದಬ್ಬೆನ್ನುತ್ತದೆ. ಆದರೆ ಹಂಚಿನ ಮೇಲೆ 1865 ಎಂದು ಒತ್ತಿದೆ, ಆದ್ದರಿಂದ ಇವು ಆ ಇಸ್ವಿಯವೇ ಎಂಬುದು ಅವರ ವಾದ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಕಾರ್ಖಾನೆ ತೆರೆದ ಇಸ್ವಿ, ಹಂಚು ಹುಟ್ಟಿದ್ದಲ್ಲ ಎಂದೆ. "ಹುಟ್ಟಿದ ತಾರೀಖಿನ ಸುದ್ದಿ ನೀವ್ ಹೇಳಬ್ಯಾಡ್ರಿ ಮಾಸ್ತರ. ಊರ ಮಂದಿನ್ನೆಲ್ಲಾ ಜೂನ್ ಒಂದಕ್ಕ ಹುಟ್ಟಿಸಿದವರು ಸಾಲಿಯವರ ಅಲ್ಲೇನ್ರಿ?" ಎಂದು ಎರಡನೆಯ ಹಂಚಿಗೆ ಬಡಿದರು. ಅದು ಎರಡು ಹೋಳಾಗಿ ಕೈಗೆ ಬಂತು. "ಇದು ಮದ್ಲ ಒಡದಿತ್ತು."

ಇಷ್ಟು ಬೈಯುವ ನಾನು ಕಮಿಟಿಯ ಖಜಾಂಚಿ. ಛಾವಣಿ ಎಂದರೆ ಪಟ್ಟಿ ಎತ್ತಬೇಕು. ಪಟ್ಟಿ ಎಂದರೆ ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ ಎಂಬ ಒಂದೇ ಮಾತನ್ನು ಮೂವತ್ತು ಮನೆಯ ಕಟ್ಟೆಯ ಮೇಲೆ ಕೂತು ಕೇಳಿಬರುವುದು. ಕಾಕಾ 'ತಡಿತೈತಿ' ಎಂದಾಗಲೆಲ್ಲ ಎಲ್ಲರಿಗಿಂತ ಮೊದಲು ರಿಜಿಸ್ಟರು ಮುಚ್ಚಿದವನು ನಾನೇ.

ಮೊದಲ ವರ್ಷ ಸೋರಿದಲ್ಲಿ ಬಕೆಟ್ ಇಟ್ಟೆವು. ಮರುವರ್ಷ ಬಕೆಟ್ಟಿಗಾಗಿ ಜಮಖಾನೆ ಮಡಿಚಿದೆವು. ಮೂರನೆಯ ವರ್ಷ ಹೆಂಗಸರ ಸಾಲು ಒಂದು ಮಾರು ಹಿಂದೆ ಸರಿಯಿತು. ಆಮೇಲೆ ಹುಟ್ಟಿದ ಮಕ್ಕಳು ಪೀಠ, ಶಿಲುಬೆಗಳ ಜೊತೆಗೆ ಬಕೆಟ್ಟೂ ಚರ್ಚಿಗೆ ಇರಲೇಬೇಕಾದದ್ದು ಎಂದುಕೊಂಡವು. ಛಾವಣಿಯ ಗತಿ ತಿಳಿಯಲು ಏಣಿ ಹತ್ತಬೇಕಾಗಿರಲಿಲ್ಲ, ನಾವು ಎಲ್ಲೆಲ್ಲಿ ಕೂರುವುದು ಬಿಟ್ಟಿದ್ದೇವೆ ಎಂದು ನೋಡಿದ್ದರೆ ಸಾಕಿತ್ತು.

ಕಡೆಗೆ ತೀರ್ಪು ಕೊಟ್ಟವನು ಬಡಿಗೇರ. ಅವನು ಹಂಚು ಮುಟ್ಟಲೇ ಇಲ್ಲ. ರಸ್ತೆಯಾಚೆ ಹೋಗಿ ನಿಂತು ಒಂದು ಕಣ್ಣು ಮುಚ್ಚಿ ನೆತ್ತಿಯ ಸಾಲು ನೋಡಿದ. ಮುದಿ ಎತ್ತಿನ ಬೆನ್ನಿನಂತೆ ನಡುವೆ ತಗ್ಗಿತ್ತು. ಒಳಗೆ ಬಂದು ಜಂತಿಗೆ ಉಳಿ ಚುಚ್ಚಿದ. ಹೂರಣಕ್ಕೆ ಬೆರಳಿಟ್ಟಂತೆ ಒಳಗಿಳಿಯಿತು, ಒರಲಿಮಣ್ಣು ಉದುರಿತು. "ಒಂದೆರಡ ಕಡೆ ಸೋರಿದ್ರ ಹಂಚ ಬದಲಸ್ರಿ. ಬೆನ್ನ ಬಾಗಿತಂದ್ರ ಕಟ್ಟಿಗಿ ಹೋತು, ಎಲ್ಲಾ ಇಳಸೂದ." ಇನ್ನೊಂದು ಮಾತನ್ನೂ ಹೇಳಿದ: ನೀರು ಹೊಕ್ಕಲ್ಲೇ ಬೀಳುವುದಿಲ್ಲ, ಜಂತಿಗುಂಟ ಹರಿದು ಎಲ್ಲೋ ಬೀಳುತ್ತದೆ. ನಾವು ಇಷ್ಟು ವರ್ಷ ಬಕೆಟ್ಟಿನ ನೆತ್ತಿಯ ಹಂಚನ್ನೇ ಬದಲಿಸುತ್ತಿದ್ದೆವು! ಹಂಚು ಗಟ್ಟಿ ಎಂದ ಕಾಕಾನ ಮಾತೂ ಖರೆ, ಛಾವಣಿ ಹೋಗಿದೆ ಎಂದ ನನ್ನ ಮಾತೂ ಖರೆ. ಜಗಳಾಡುತ್ತ ಇಬ್ಬರೂ ಜಂತಿ ನೋಡಿರಲಿಲ್ಲ.

ಪಟ್ಟಿ ಎತ್ತಿದೆ. ಹಂಚು ಇಳಿಸಿದ ಮೂರು ದಿನ ಕಾಕಾ ಅಂಗಳದಲ್ಲಿ ಗೋಣಿತಟ್ಟು ಹಾಸಿ ಕೂತು ಒಂದೊಂದನ್ನೂ ನಾಣ್ಯದಿಂದ ಬಡಿದು, ನುಡಿದದ್ದನ್ನು ಬಲಕ್ಕೆ, ನುಡಿಯದ್ದನ್ನು ಎಡಕ್ಕೆ ಇಟ್ಟರು, ಕಡೇ ದಿನದ ಕುರಿ ಆಡುಗಳ ಹಾಗೆ. ಈ ಹಂಚು ಶೇಡಬಾಳ ಸ್ಟೇಷನ್ನಿನಲ್ಲಿ ಇಳಿದು ತಮ್ಮಪ್ಪನ ಚಕ್ಕಡಿಯಲ್ಲಿ ಬಂದವೆಂದೂ, ಮೇಲೆ ಕೂತು ಬಂದ ಪೋರ ತಾನೆಂದೂ ಬಡಿಯುತ್ತಲೇ ಹೇಳಿದರು. ಇಷ್ಟು ವರ್ಷ ಯಾವ ಕಮಿಟಿಯಲ್ಲೂ ಈ ಮಾತು ಆಡಿರಲಿಲ್ಲ. ಎಡದ ರಾಶಿ ಬೆಳೆದಂತೆ ಅವರ ಬಡಿತ ಮೆಲ್ಲಗಾಯಿತು. ಅವರು ನೀರು ಕುಡಿಯಲು ಎದ್ದಾಗ ನಾನು ಎಡದಿಂದ ಒಂದು ಹಂಚನ್ನು ಬಲಕ್ಕೆ ಸರಿಸಿದೆ. ಖಜಾಂಚಿ ಮಾಡಬಾರದ ಕೆಲಸ.

ಹೊಸ ಛಾವಣಿಯ ಕೆಳಗೆ ಮೊದಲ ಮಳೆಯ ರವಿವಾರ ಬಂತು. ಬಕೆಟ್ ಇರಲಿಲ್ಲ, ಆದರೂ ಅದರ ಜಾಗ ಬಿಟ್ಟೇ ಎಲ್ಲರೂ ಕೂತಿದ್ದರು. ತಡವಾಗಿ ಬಂದ ಕಾಕಾ ನೇರ ಹೋಗಿ ಅಲ್ಲೇ ಕೂತು, ಅಭ್ಯಾಸದಂತೆ ಮೇಲೆ ನೋಡಿದರು. ಆ ಒಂದು ಹಂಚು ಯಾರ ನೆತ್ತಿಯ ಮೇಲಿದೆಯೋ ಎಂದು ನಾನೂ ಮೇಲೆ ನೋಡಿದೆ. ಪ್ರಾರ್ಥನೆಗೆ ಕಣ್ಣು ಮುಚ್ಚೋಣ ಎಂದು ಪಾಸ್ಟರು ಎರಡು ಸಲ ಹೇಳಿದರಂತೆ, ನಮ್ಮಿಬ್ಬರಿಗೂ ಕೇಳಿಸಲಿಲ್ಲ.