ಗಂಟಿನ ಯಜಮಾನರು

ಹೊಸಪೇಟೆಯಿಂದ ಹಂಪಿ, ಕಮಲಾಪುರದ ಕಡೆ ಹೊರಟ ಬಸ್ಸು ಅನಂತಶಯನಗುಡಿ ದಾಟಿ ನಮ್ಮ ಮಲಪನಗುಡಿಗೆ ಬರುವಷ್ಟರಲ್ಲಿ ಕೂರಲು ಸೀಟಿರುವುದಿಲ್ಲ. ಅದು ಎಲ್ಲ ಊರಿನ ಪಾಡು. ನಮ್ಮಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಇದಕ್ಕೆ ಕಾರಣರು ಎರಡು ಪಂಗಡದವರು. ಮೊದಲನೆಯವರು ಬೆನ್ನಿಗೆ ಆಳೆತ್ತರದ ಚೀಲ ಬಿಗಿದುಕೊಂಡು ಹಂಪಿಗೆ ಹೊರಟ ಪರದೇಶದವರು. ಎರಡನೆಯವರು ಗಂಟಿನ ಯಜಮಾನರು. ಕನ್ನಡ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೊರಟವರು. ಪರದೇಶದವರ ಚೀಲದಲ್ಲಿ ಏನಿದೆಯೋ ಆ ವಿರೂಪಾಕ್ಷನಿಗೇ ಗೊತ್ತು. ಯಜಮಾನರ ಗಂಟಿನಲ್ಲಿ ಏನಿದೆಯೆಂದು ಡ್ರೈವರಿನಿಂದ ಹಿಡಿದು ಹಿಂದಿನ ಸೀಟಿನ ಕೂಸಿನವರೆಗೆ ಎಲ್ಲರಿಗೂ ಗೊತ್ತು. ಶೇಂಗಾ ಹಿಂಡಿಯ ಬೆಳ್ಳುಳ್ಳಿ ಘಾಟು ಗುಟ್ಟು ಕಾಯುವ ಪೈಕಿಯಲ್ಲ.

ಇವರನ್ನು ಗುರುತು ಹಿಡಿಯುವುದು ಸುಲಭ. ಸೀಟು ಸಿಕ್ಕರೂ ಕೂರುವುದಿಲ್ಲ. ಸೀಟಿನ ಮೇಲೆ ಬಿಳಿ ಪಂಜೆಯಲ್ಲಿ ಕಟ್ಟಿದ ಕಡಕ್ ರೊಟ್ಟಿಯ ಗಂಟು ಕೂತಿರುತ್ತದೆ; ಯಜಮಾನರು ಪಕ್ಕದಲ್ಲಿ ಕಂಬಿ ಹಿಡಿದು ನಿಂತಿರುತ್ತಾರೆ. ಕುಷ್ಟಗಿಯಿಂದಲೋ ಸಿಂಧನೂರಿನಿಂದಲೋ ಒಂದೂ ಮುರಿಯದೆ ಬಂದ ರೊಟ್ಟಿ ಇನ್ನೇನು ಮುಟ್ಟಿತು ಎನ್ನುವಾಗ ಮುರಿದರೆ ಮನೆಯಲ್ಲಿ ಜವಾಬು ಕೊಡಬೇಕಾದವರು ಅವರೇ ತಾನೆ? ನಮ್ಮೂರಿನ ಹಂಪ್ಸು ಕಂಡ ಕೂಡಲೇ ಕಂಬಿ ಬಿಟ್ಟು ಎರಡೂ ಕೈಯನ್ನು ಗಂಟಿನ ಮೇಲಿಡುತ್ತಾರೆ. ತಾವು ಬಿದ್ದರೆ ಎದ್ದೇಳಬಹುದು, ರೊಟ್ಟಿಗೆ ಆ ಸೌಲಭ್ಯವಿಲ್ಲ.

‘ಗಂಟಿಗೂ ಟಿಕೆಟ್ ತಗೀಬೇಕಾಗತೈತಿ ಯಜಮಾನ್ರ, ಸೀಟ್ ಹಿಡದೈತಿ’ ಅಂದ ಒಮ್ಮೆ ಕಂಡಕ್ಟರ್.

‘ಅದು ನಂದಲ್ಲಪಾ, ನಮ್ಮ ಮನ್ಯಾಕಿದು. ಹೆಣ್ಮಕ್ಕಳದು ಫ್ರೀ ಅಲ್ಲೇನು?’

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಈ ಸಂಸಾರಗಳಲ್ಲಿ ಒಂದು ಸಣ್ಣ ಅಧಿಕಾರ ಹಸ್ತಾಂತರವೂ ಆಗಿದೆ. ಮೊದಲು ‘ಇಬ್ಬರೂ ಹೋದ್ರ ಖರ್ಚು’ ಎಂದು ಯಜಮಾನರೊಬ್ಬರೇ ಬರುತ್ತಿದ್ದರು. ಈಗ ಅದೇ ಲೆಕ್ಕವನ್ನು ಯಜಮಾನತಿ ತಿರುಗಿಸಿ ಒಪ್ಪಿಸುತ್ತಾಳೆ: ‘ನಾ ಹೋದ್ರ ಪುಕ್ಕಟ, ನೀವ್ಯಾಕ ಸುಮ್ಮನ ರೊಕ್ಕಾ ಹಾಳ ಮಾಡ್ತೀರಿ?’ ಆಧಾರ್ ಕಾರ್ಡನ್ನು ಕುಪ್ಪಸದೊಳಗಿನ ಚೀಲದಿಂದ ತೆಗೆದು ತೋರಿಸುವ ಆ ಗತ್ತಿನ ಮುಂದೆ ಗಂಡನ ಜೇಬಿನ ಚಿಲ್ಲರೆಗೆ ಸದ್ದಿಲ್ಲ.

ಇವರ ಕಷ್ಟ ಗಂಟಿನದಲ್ಲ, ಅದನ್ನು ಯಾಕೆ ಹೊರುತ್ತಿದ್ದೇವೆ ಎಂದು ಊರಿಗೆ ತಿಳಿಸಿ ಹೇಳುವುದು. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಇವೆಲ್ಲ ಯಜಮಾನರಿಗೆ ಪರಿಚಿತ ದೇವರುಗಳು. ಇಂತಿಂಥ ತಿಂಗಳಲ್ಲಿ ಪರೀಕ್ಷೆ, ಇಂತಿಂಥ ತಿಂಗಳಲ್ಲಿ ರಿಸಲ್ಟು. ಪಾಸಾದರೆ ಪೇಢೆ, ಫೇಲಾದರೆ ಹೊಲ. 1991ರಲ್ಲಿ ಸರ್ಕಾರ ಈ ವಿಶ್ವವಿದ್ಯಾಲಯವನ್ನು ಕಟ್ಟಿ, ಚಂದ್ರಶೇಖರ ಕಂಬಾರರನ್ನು ಮೊದಲ ಕುಲಪತಿಯಾಗಿ ಕೂರಿಸಿದಾಗ ಸಂಶೋಧನೆಯೇ ಇದರ ಮುಖ್ಯ ಕಸುಬು ಎಂದು ಗೊತ್ತುಮಾಡಿತು. ಕನ್ನಡಕ್ಕೆ ಒಳ್ಳೆಯದೇ ಆಯಿತು. ಆದರೆ ‘ಪರೀಕ್ಷೆ ಯಾವಾಗಪಾ?’ ಎಂಬ ಅಪ್ಪನ ಪ್ರಶ್ನೆಗೆ ಪಿಎಚ್.ಡಿ. ಮಗ ಏನು ಹೇಳಬೇಕು ಎಂಬುದನ್ನು ಯಾವ ಕಾಯಿದೆಯಲ್ಲೂ ಬರೆದಿಲ್ಲ.

‘ಪರೀಕ್ಷೆ ಇರಂಗಿಲ್ಲಪ್ಪಾ. ಬರೀತಾ ಹೋಗೋದು.’

‘ಎಲ್ಲೀತನ?’

‘ಗೈಡ್ ಸರ್ ಸಾಕು ಅನ್ನೋತನ.’

ಯಜಮಾನರು ಇದನ್ನೇ ಊರ ಕಟ್ಟೆಯಲ್ಲಿ ವರದಿ ಮಾಡಿದರು. ಹಂಪಿ ಎಂಬುದೂ ಗೈಡ್ ಎಂಬುದೂ ಒಂದೇ ವಾಕ್ಯದಲ್ಲಿ ಬಂದ ಮೇಲೆ ಕಟ್ಟೆಯವರಿಗೆ ಬೇರೆ ಅರ್ಥ ಹೊಳೆಯಲು ಹೇಗೆ ಸಾಧ್ಯ? ಹುಡುಗ ಹಂಪಿಯಲ್ಲಿ ಫಾರಿನ್ನಿನವರಿಗೆ ಗುಡಿ ತೋರಿಸುವ ಕೆಲಸ ಕಲಿಯುತ್ತಿದ್ದಾನೆ, ಡಾಲರಿನಲ್ಲಿ ಕಮಾಯಿ ಎಂದು ಸುದ್ದಿಯಾಯಿತು. ಆ ವರ್ಷ ಮಗನಿಗೆ ಬಂದಷ್ಟು ಕನ್ಯೆಗಳು, ಸುದ್ದಿ ಸುಳ್ಳೆಂದು ಗೊತ್ತಾದ ಮೇಲೆ ಬರಲಿಲ್ಲ. ಹೆಣ್ಣಿನ ಕಡೆಯವರ ‘ಪಿಎಚ್‌ಡಿ ಆದ ಮ್ಯಾಲೆ ಏನ್ರಿ?’ ಎಂಬ ಪ್ರಶ್ನೆಗೆ ಯಜಮಾನರು ಈಗಲೂ ಚಹಾ ತರಿಸುತ್ತಾರೆ.

ಮೊದಲ ಸಲ ಫೀ ಕಟ್ಟಲು ಬಂದಾಗ ಗೇಟಿನವನು ‘ಕ್ರಿಯಾಶಕ್ತಿಗೆ ಹೋಗ್ರಿ’ ಅಂದನಂತೆ. ವಿಜಯನಗರದ ಆರಂಭದ ಅರಸರ ಗುರುವಿನ ಹೆಸರನ್ನು ಆಡಳಿತ ಕಟ್ಟಡಕ್ಕೆ ಇಟ್ಟಿದ್ದಾರೆ ಎಂಬುದು ಯಜಮಾನರಿಗೆ ಹೇಗೆ ಗೊತ್ತಾಗಬೇಕು? ಯಾವುದೋ ಅಮ್ಮನ ಗುಡಿ ಇರಬೇಕು, ಮಗನ ಓದಿಗೆ ಒಳ್ಳೆಯದಾಗಲಿ ಎಂದು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಟವೆಲ್ಲನ್ನು ಸೊಂಟಕ್ಕೆ ಕಟ್ಟಿ ಒಳಗೆ ಹೋಗಿ ಕೈಮುಗಿದು ನಿಂತರು. ಗುಮಾಸ್ತರಿಗೆ ಅಂಥ ಮರ್ಯಾದೆ ಹಿಂದೆಂದೂ ಸಿಕ್ಕಿರಲಾರದು; ರಸೀದಿ ಬೇಗ ಬಂತು. ಹೊರಗೆ ಬಂದ ಯಜಮಾನರು ಹೆಂಡತಿಗೆ ಅಂದದ್ದು: ‘ನಿನ್ನ ಶಕ್ತಿ ಪುಕ್ಕಟ ಕರ್ಕೊಂಡ್ ಬರತೈತಿ, ಇಲ್ಲಿ ಶಕ್ತಿ ಎಣಿಸ್ಕೊಂಡು ಬಿಡತೈತಿ.’

ಫೆಲೋಶಿಪ್ಪಿನ ವಿಷಯ ಮಾತ್ರ ಅವರಿಗೆ ಒಂದೇ ಏಟಿಗೆ ಅರ್ಥವಾಯಿತು. ‘ಮೇಲಿಂದ ಬಿಡುಗಡೆ ಆಗಿದೆಯಂತೆ, ಇನ್ನೂ ಇಲ್ಲಿಗೆ ಮುಟ್ಟಿಲ್ಲ’ ಎಂದು ಮಗ ತಡವರಿಸುತ್ತ ಹೇಳಿದಾಗ ಯಜಮಾನರು ಬೆನ್ನು ತಟ್ಟಿದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿ ಭತ್ತ ನೆಟ್ಟು ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಟೇಲೆಂಡ್ ನೀರು ಇದ್ದಂಗ ಅನ್ನು. ಡ್ಯಾಮಿನಾಗ ತುಂಬಿರತೈತಿ, ಪೇಪರಿನಾಗ ಹರದಿರತೈತಿ, ನಮ್ಮ ಗದ್ದಿಗೆ ಬಂದಾಗ ಬಂತು.’ ಇಷ್ಟು ಹೇಳಿ ಒಳಜೇಬಿನಿಂದ ಐನೂರರ ಎರಡು ನೋಟು ತೆಗೆದು, ಮೇಲೆ ಐವತ್ತರದ್ದೊಂದು ಸೇರಿಸಿ ಕೊಟ್ಟರು.

ಐವತ್ತರ ನೋಟಿಗೆ ಪ್ರತ್ಯೇಕ ಕತೆಯಿದೆ. ಇಷ್ಟು ಸಲ ಬಂದು ಹೋದರೂ ಯಜಮಾನರು ವಿಜಯವಿಠ್ಠಲನ ಗುಡಿಯ ಕಲ್ಲಿನ ರಥ ನೋಡಿದವರಲ್ಲ. ಬೆಲ್ಜಿಯಮ್ಮಿನವನು ಅದಕ್ಕಾಗಿ ಸಮುದ್ರ ದಾಟಿ ಬಂದು ಇವರ ಗಂಟಿಗೆ ಆತುಕೊಂಡು ನಿಂತಿರುತ್ತಾನೆ. ‘ಒಮ್ಮೆ ನೋಡ್ರಲ್ಲ, ಇಲ್ಲೇ ಐತಿ’ ಎಂದು ನಾನೇ ಹೇಳಿದ್ದೆ. ಯಜಮಾನರು 2017ರಲ್ಲಿ ಬಂದ ಆ ನೀಲಿ ನೋಟು ತೆಗೆದು, ತಿರುವಿ, ರಥದ ಚಿತ್ರ ತೋರಿಸಿ ಮತ್ತೆ ಮಡಚಿಟ್ಟರು. ‘ನೋಡೇನಲ್ಲ. ಇದು ಕೈ ಬಿಟ್ಟು ಹೋಗೂದೂ ನೋಡೇನಿ.’

ಮಗಳನ್ನು ಓದಲು ಬಿಟ್ಟ ಯಜಮಾನರದು ಇನ್ನೊಂದು ಬಗೆ. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಇವರಿಗೆ ಕೊನೆಯ ನಿಲ್ದಾಣ. ಹೆಂಡತಿ ಒಳಗೆ ಹೋಗಿ ಮಂಚದ ಮೇಲೆ ಕೂತು, ಮಗಳ ತಲೆಗೆ ಎಣ್ಣೆ ಹಚ್ಚಿ, ಪಕ್ಕದ ರೂಮಿನವರ ಕುಲಗೋತ್ರವನ್ನೆಲ್ಲ ವಿಚಾರಿಸಿ ಬರುವವರೆಗೆ ಇವರು ಮರದ ಕೆಳಗೆ ನಿಂತು ಕಾಂಪೌಂಡಿನ ಎತ್ತರ ಅಳೆಯುತ್ತಿರುತ್ತಾರೆ. ಹತ್ತಿರದ ದರೋಜಿಯಲ್ಲಿ ಕರಡಿಧಾಮವಿದೆ ಎಂದು ಯಾರೋ ಹೇಳಿದಂದಿನಿಂದ ಈ ಅಳತೆ ಇನ್ನಷ್ಟು ಬಿಗಿಯಾಗಿದೆ. ‘ಅಕ್ಷರ ಗ್ರಂಥಾಲಯಕ್ಕ ಸಂಜೀಮುಂದ ಒಬ್ಬಾಕಿ ಹೋಗಬ್ಯಾಡ, ಕರಡಿಗೆ ಓದು ಬರಹ ತಿಳಿಯಂಗಿಲ್ಲ’ ಎಂದು ಗೇಟಿನಾಚೆಯಿಂದ ಕೂಗಿ ಹೇಳುವ ಅಪ್ಪ, ಊರಲ್ಲಿ ಅದೇ ಮಗಳನ್ನು ಕತ್ತಲಲ್ಲಿ ಎಮ್ಮೆ ಹುಡುಕಲು ಕಳಿಸುತ್ತಿದ್ದವರು.

ನನಗೆ ಹೆಚ್ಚು ಪ್ರಿಯವಾದ ಪ್ರಸಂಗ ಜಾನಪದದ ಹುಡುಗನದು. ಅವನ ವಿಷಯ ಬೀಸುಕಲ್ಲಿನ ಪದಗಳು. ಊರೂರು ತಿರುಗಿ, ಬಸ್‌ಚಾರ್ಜು ಮುಗಿದ ಮೇಲೆ, ಪದ ಬಲ್ಲವಳು ಮನೆಯಲ್ಲೇ ಇದ್ದಾಳೆ ಎಂಬುದು ಅವನಿಗೆ ಹೊಳೆಯಿತು. ರಜೆಯಲ್ಲಿ ಹೋಗಿ ಅವ್ವನ ಮುಂದೆ ಮೊಬೈಲು ಇಟ್ಟು ‘ಹಾಡಬೇ’ ಅಂದ.

‘ಸಣ್ಣಾಂವ ಇದ್ದಾಗ ಹಾಡಿದ್ರ ಸುಮ್ಕಿರಬೇ, ಓದಾಕ ಹತ್ತೀನಿ ಅಂತಿದ್ದಿ. ಈಗ ಏನು, ಓದು ಮುಗೀತಾ?’

‘ಇದ ಓದು ಬೇ.’

ಅವ್ವ ನಕ್ಕು ನಕ್ಕು ಹಾಡಲು ಎರಡು ದಿನ ಹಿಡಿಯಿತು. ಹಾಡತೊಡಗಿದ ಮೇಲೆ ನಿಲ್ಲಲಿಲ್ಲ. ಮೊಬೈಲಿನಲ್ಲಿ ಜಾಗ ಮುಗಿದರೂ ಪದ ಮುಗಿಯಲಿಲ್ಲ. ಮಹಾಪ್ರಬಂಧದ ಅನುಬಂಧದಲ್ಲಿ, ವಕ್ತೃಗಳ ಪಟ್ಟಿಯಲ್ಲಿ, ಅವಳ ಹೆಸರು ಮೊದಲಿಗೇ ಬಂತು: ವಯಸ್ಸು ಅಂದಾಜು, ಅಕ್ಷರಜ್ಞಾನ ಇಲ್ಲ. ಅಷ್ಟು ವರ್ಷ ಗಂಟು ಹೊತ್ತ ಯಜಮಾನರು ಕನ್ನಡಕ ಏರಿಸಿ ತಮ್ಮ ಹೆಸರು ಹುಡುಕಿದರು. ಮಗ ಕೃತಜ್ಞತೆಯ ಪುಟ ತೆರೆದು ತೋರಿಸಿದ. ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಗ್ರಂಥಾಲಯದವರು, ಗೆಳೆಯರು ಎಲ್ಲ ಆದ ಮೇಲೆ, ಡಿಟಿಪಿ ಮಾಡಿದವರಿಗಿಂತ ಒಂದು ಸಾಲು ಮೇಲೆ ‘ಅಪ್ಪ’ ಇದ್ದರು. ‘ರೊಟ್ಟಿ ಬಗ್ಗೆ ಏನೂ ಬರದಿಲ್ಲಲ್ಲೋ’ ಎಂದಷ್ಟೇ ಅಂದರು.

ವರ್ಷಗಳು ಕಳೆದಂತೆ ಯಜಮಾನರಲ್ಲಿ ಒಂದು ಬದಲಾವಣೆ ಕಾಣಿಸುತ್ತದೆ. ಮಗನ ಪ್ರಬಂಧ ಮೂರನೆಯ ಅಧ್ಯಾಯದಲ್ಲೇ ನಿಂತಿರಲಿ, ಇವರ ಪಾಂಡಿತ್ಯ ನಿಲ್ಲುವುದಿಲ್ಲ. ಹಾಸ್ಟೆಲಿನ ಹುಡುಗರೆಲ್ಲ ಇವರಿಗೆ ಅಪ್ಪಾಜಿ ಅನ್ನುತ್ತಾರೆ, ರೊಟ್ಟಿಯ ಗಂಟು ಬಿಚ್ಚಿದ ಸದ್ದಿಗೆ ಮೂರು ರೂಮಿನ ಬಾಗಿಲು ತೆರೆಯುತ್ತವೆ, ಒಂದು ತಿಂಗಳಿಗೆಂದು ತಂದದ್ದು ಆ ರಾತ್ರಿಗೇ ಸರಿಹೋಗುತ್ತದೆ. ಹಿಂತಿರುಗುವ ಬಸ್ಸಿನಲ್ಲಿ ಹೊಸದಾಗಿ ಮಗನನ್ನು ಸೇರಿಸಿ ಬಂದ ಯಜಮಾನರು ಸಿಕ್ಕರೆ ಇವರು ಗಂಟಲು ಸರಿಮಾಡಿಕೊಳ್ಳುತ್ತಾರೆ.

‘ಮೊದಲು ಕೋರ್ಸ್‌ವರ್ಕ್ ಇರತೈತ್ರಿ. ಆಮ್ಯಾಗ ಆರಾರು ತಿಂಗಳಿಗೆ ವರದಿ. ಸಿನಾಪ್ಸಿಸ್ ಕೊಟ್ಟ ಅಂದ್ರ ಗಾಬರಿ ಆಗಬ್ಯಾಡ್ರಿ, ಅದು ಮುಗದಂಗ ಅಲ್ಲ. ವೈವಾ ಅಂತ ಒಂದ್ ಐತಿ. ಅವತ್ತು ಹೊಸಾ ಅಂಗಿ ಹಾಕ್ಕೊಂಡು ಬರ್ರಿ.’

ಹೊಸ ಯಜಮಾನರು ಬಾಯಿ ತೆರೆದು ಕೇಳುತ್ತಾರೆ. ನನಗೆ ಕೆಲವೊಮ್ಮೆ ಅನ್ನಿಸುತ್ತದೆ, ನಿಯಮದಲ್ಲಿ ಅವಕಾಶವಿದ್ದರೆ ಮೌಖಿಕ ಪರೀಕ್ಷೆಗೆ ಇವರನ್ನೇ ಕೂರಿಸಬಹುದು. ಹೆದರುವುದಂತೂ ಇಲ್ಲ.

ನುಡಿಹಬ್ಬ ಬಂತೆಂದರೆ ನಮ್ಮೂರ ರಸ್ತೆಯಲ್ಲಿ ಗಂಟಿನವರ ಜಾತ್ರೆ. ಬೇರೆ ಕಡೆ ಘಟಿಕೋತ್ಸವ ಅನ್ನುವುದನ್ನು ಇಲ್ಲಿ ಹಬ್ಬ ಅಂದಿದ್ದಾರೆ, ಹಬ್ಬವೆಂದ ಮೇಲೆ ಹೋಳಿಗೆ ಇಲ್ಲದೆ ಬರಲಾದೀತೆ? ಅಂದೇ ನಾಡೋಜ ಗೌರವವನ್ನೂ ಕೊಡುತ್ತಾರೆ. ಬುರ್ರಕಥೆಯ ದರೋಜಿ ಈರಮ್ಮನವರಿಗೆ ಆ ಗೌರವ ಸಂದದ್ದನ್ನು ಹಿಂದೊಮ್ಮೆ ಮಗನೇ ಅಭಿಮಾನದಿಂದ ಮನೆಯಲ್ಲಿ ಹೇಳಿದ್ದ; ಸಾಲಿ ಕಟ್ಟೆ ಹತ್ತದ ಆ ತಾಯಿ ಇಡೀ ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು ಎಂದು ವರ್ಣಿಸಿದ್ದ. ಹೇಳಬಾರದಿತ್ತು.

‘ಸಾಲಿಗೆ ಹೋಗದಾಕಿಗೆ ಕರದು ಕೊಟ್ಟಾರ,’ ಅವ್ವ ಅಂದಳು, ‘ನೀ ಹದಿನೆಂಟ್ ವರ್ಷ ಸಾಲಿಗೆ ಹೋಗಿ ಇನ್ನೂ ಬೇಡಾಕ ಹತ್ತೀ.’

ಅಂತೂ ಜಾನಪದದ ಹುಡುಗನಿಗೂ ಪದವಿ ಬಂತು. ಬಯಲು ರಂಗಮಂದಿರದಲ್ಲಿ ಅವನ ಹೆಸರು ಕೂಗಿದಾಗ ಅವ್ವ ಅತ್ತಳು, ಯಜಮಾನರು ಪಕ್ಕದವರಿಗೆ ‘ಸುಮ್ಮನ ಕೂಡ್ರಿ, ಇನ್ನೂ ಫೋಟೋ ಐತಿ’ ಎಂದು ಕಾರ್ಯಕ್ರಮದ ಮುಂದಿನ ಹಂತ ತಿಳಿಸಿದರು. ಸಂಜೆ ಬಸ್ಸಿನಲ್ಲಿ ಮೂವರೂ ಸಿಕ್ಕರು. ಗಂಟಿನ ಜಾಗದಲ್ಲಿ ಪ್ರಸಾರಾಂಗದ ಪುಸ್ತಕಗಳ ಕಟ್ಟು. ರೊಟ್ಟಿಗಿಂತ ಭಾರ, ಮುರಿಯುವ ಭಯವಿಲ್ಲದ್ದರಿಂದ ಯಜಮಾನರು ಅದರ ಮೇಲೆಯೇ ಕೂತಿದ್ದರು.

‘ಆತಲ್ಲಪಾ, ಎಲ್ಲಾ ಮುಗೀತಿಲ್ಲೋ?’ ಎಂದರು ಮಗನಿಗೆ.

‘ಹ್ಞೂಂ ಅಪ್ಪಾ. ಪಿಡಿಎಫ್‌ಗೆ ಅರ್ಜಿ ಹಾಕೀನಿ. ಪಿಎಚ್‌ಡಿ ಆದೋರಿಗೆ ಇರೋದು. ಮತ್ತೊಂದು ಸ್ವಲ್ಪ ವರ್ಷ.’

ಯಜಮಾನರು ನನ್ನನ್ನು ನೋಡಿದರು, ಕಂಡಕ್ಟರನನ್ನು ನೋಡಿದರು, ಕೊನೆಗೆ ಹೆಂಡತಿಯ ಕಡೆ ತಿರುಗಿ ಕೇಳಿದರು:

‘ಮನ್ಯಾಗ ಜ್ವಾಳ ಎಷ್ಟದಾವು?’