ಚಹಾದ ಪೂರ್ವಾಶ್ರಮ

ಜಪಾನಿನ ಉಜಿಯಲ್ಲಿ ಚಹಾ ಕುಡಿಯಲು ಹೊರಟವರು ಮೊದಲು ತಮ್ಮ ಮಂಡಿಯನ್ನು ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು. ನಾಲಿಗೆಯನ್ನು ಆಮೇಲೆ ಕೇಳಿದರಾಯಿತು. ಕ್ಯೋಟೋದಿಂದ ನಾರಾ ಕಡೆಯ ರೈಲು ಹತ್ತಿದರೆ ಅರ್ಧ ಗಂಟೆಯ ಒಳಗೆ ಸಿಗುವ ಈ ಊರಿಗೆ ಚಹಾ ಬಿಟ್ಟು ಬೇರೆ ಧ್ಯಾನವಿಲ್ಲ. ನಿಲ್ದಾಣದ ಹೊರಗಿನ ಅಂಚೆಪೆಟ್ಟಿಗೆ ಕೂಡ ಚಹಾ ಜಾಡಿಯ ಆಕಾರದ್ದೇ. ಬ್ಯೋದೋಇನ್ ದೇಗುಲದ ಬೀದಿಗೆ ಕಾಲಿಟ್ಟರೆ ಹಸಿರು ಐಸ್‌ಕ್ರೀಮು, ಹಸಿರು ಶಾವಿಗೆ, ಹಸಿರು ಕಡುಬು. ಆ ದೇಗುಲದ ಚಿತ್ರವಿರುವ 10 ಯೆನ್ ನಾಣ್ಯವೊಂದನ್ನು ಮಾತ್ರ ಹಸಿರು ಮಾಡದೆ ಬಿಟ್ಟಿದ್ದಾರೆ. ಅದು ಕಂಚಿನದು, ನಾಲ್ಕು ಮಳೆಗಾಲ ತಡೆದರೆ ತಾನೇ ಕಿಲುಬು ಹಿಡಿದು ಹಸಿರಾಗುತ್ತದೆ ಎಂಬ ಧೈರ್ಯವಿರಬೇಕು.

ನನ್ನ ಜೊತೆಗೆ ಚಿಕ್ಕಮ್ಮ. ಅವರ ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ರಜೆ ಸಿಗದ ದಿನ ಅವರನ್ನು ಸುತ್ತಾಡಿಸುವ ಹೊಣೆ ನನ್ನದು. ನದಿ ಕಾಣುವ ಹಳೆಯ ಅಂಗಡಿಯೊಂದರಲ್ಲಿ ಚಪ್ಪಲಿ ಬಿಟ್ಟು, ತತಾಮಿ ಚಾಪೆಯ ಮೇಲೆ ಮಂಡಿ ಮಡಿಚಿ, ಹಿಮ್ಮಡಿಯ ಮೇಲೆ ಭಾರ ಹಾಕಿ ಕೂತೆವು. ಸ್ವಲ್ಪ ಹೊತ್ತಿಗೇ ಚಿಕ್ಕಮ್ಮ ಚಕ್ಕಳಮಕ್ಕಳಕ್ಕೆ ಬಂದರು. "ಸತ್ಯನಾರಾಯಣ ಪೂಜೆಗೂ ಇಷ್ಟು ಕಷ್ಟಪಟ್ಟಿಲ್ಲ ಕಣೋ" ಎಂದರು. ನಾನು ಮಾನ ಕಾಯ್ದುಕೊಂಡು ಹಾಗೇ ಇದ್ದೆ. ನನ್ನ ಕಾಲುಗಳು ನನ್ನವಲ್ಲದೆ ಹೋಗಿ ಆಗಲೇ ಬಹಳ ಹೊತ್ತಾಗಿತ್ತು.

ಬಂದ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಬೇಕು, ಅಷ್ಟು ದೊಡ್ಡದು. ಒಳಗಿರುವುದು ಮಾಚಾ ಎಂಬ ಹಸಿರು ಚಹಾದ ಎರಡು ಗ್ರಾಂ ಪುಡಿ, ಎಪ್ಪತ್ತು ಮಿಲಿಲೀಟರಿನಷ್ಟು ಬಿಸಿನೀರು, ಬಿದಿರಿನ ಪುಟ್ಟ ಕಡೆಗೋಲಿನಿಂದ ಎಬ್ಬಿಸಿದ ನೊರೆ. ಹಾಲಿಲ್ಲ, ಸಕ್ಕರೆಯಿಲ್ಲ, ಕೇಳುವ ಹಾಗೂ ಇಲ್ಲ. ಬಟ್ಟಲಿಗೊಂದು ಮುಖವಿದೆ, ಆ ಮುಖಕ್ಕೆ ಬಾಯಿ ಹಾಕದಂತೆ ಬಟ್ಟಲನ್ನು ಸ್ವಲ್ಪ ತಿರುಗಿಸಿ ಕುಡಿಯಬೇಕು. ಕೊನೆಯ ಗುಟುಕನ್ನು ಮಾತ್ರ ಸೊರ್ರನೆ ಸದ್ದು ಮಾಡಿ ಎಳೆಯಬೇಕು, ಮುಗಿಯಿತೆಂದು ಬಡಿಸಿದವರಿಗೆ ತಿಳಿಯಲಿ ಎಂದು. ಚಿಕ್ಕಮ್ಮನಿಗೆ ಹಿಡಿಸಿದ ನಿಯಮ ಅದೊಂದೇ. "ಹೀಗೆ ಕುಡಿದಿದ್ದಕ್ಕೇ ನಿಮ್ಮ ಚಿಕ್ಕಪ್ಪನ್ನ ನಲವತ್ತು ವರ್ಷ ಬೈದೆನಲ್ಲೋ!"

ಇಷ್ಟೆಲ್ಲ ಗಾಂಭೀರ್ಯ ಹೊತ್ತು ಕೂತಿರುವ ಈ ಚಹಾ ಕಾವಿ ಉಟ್ಟು ಗದ್ದುಗೆ ಏರಿದ ಸ್ವಾಮಿಯ ಹಾಗೆ. ಎದುರಿಗೆ ಕೂತಾಗ ಕೈಮುಗಿಯಬೇಕೆನಿಸುತ್ತದೆ. ಆದರೆ ಪೂರ್ವಾಶ್ರಮ ಬಲ್ಲ ಊರವರು ಒಳಗೊಳಗೇ ನಗುತ್ತಿರುತ್ತಾರೆ.

ಝೆನ್ ಗುರು ಐಸಾಯ್ 1191ರಲ್ಲಿ ಚೀನಾದಿಂದ ಚಹಾ ಬೀಜ ತಂದದ್ದು, 1211ರಲ್ಲಿ ಚಹಾದ ಗುಣಗಾನಕ್ಕೆಂದೇ ಪುಸ್ತಕ ಬರೆದದ್ದು ಎಲ್ಲ ಸರಿಯೇ. ಆದರೆ ಆ ಚಹಾ ಕಾಮಾಕುರಾದ ಅರಮನೆ ಹೊಕ್ಕದ್ದು ಹೇಗೆ? 1214ರಲ್ಲಿ ಅಲ್ಲಿನ ದಂಡನಾಯಕ ದೊರೆ, ಶೋಗನ್ ಸಾನೆತೊಮೊ, ಹಿಂದಿನ ರಾತ್ರಿ ಕುಡಿದದ್ದು ಇಳಿಯದೆ ತಲೆ ಹಿಡಿದುಕೊಂಡು ಕೂತಿದ್ದ. ಐಸಾಯ್ ಒಂದು ಬಟ್ಟಲು ಚಹಾ ಕೊಟ್ಟರು, ಜೊತೆಗೆ ಆ ಪುಸ್ತಕವನ್ನೂ. ಅಮಲು ಇಳಿಯದವನ ಕೈಗೆ ಪುಸ್ತಕ ಕೊಡುವ ಧೈರ್ಯ ಗುರುಗಳಿಗೆ ಮಾತ್ರ ಇರುತ್ತದೆ. ಇದು ನಾನು ಕಟ್ಟಿದ ಕತೆಯಲ್ಲ, ಆ ಆಡಳಿತದ ದಾಖಲೆಯಾದ 'ಅಜುಮಾ ಕಗಾಮಿ'ಯಲ್ಲೇ ಇದೆ.

ಮುಂದಿನ ಶತಮಾನಕ್ಕೆ ಬಂದರೆ ಇನ್ನೂ ಚೆಂದ. ಚಹಾ ಆಗ ಜೂಜಿನ ಸಾಮಾನು. ಹತ್ತಾರು ಬಟ್ಟಲು ಸಾಲಾಗಿ ಇಡುವುದು, ಕುಡಿದು ಯಾವುದು ತೊಗಾನೊ ಎಂಬಲ್ಲಿನ ಅಸಲಿ ಚಹಾ, ಯಾವುದು ಬೇರೆ ಊರಿನದು ಎಂದು ಹೇಳುವುದು, ಗೆದ್ದವರಿಗೆ ಬಹುಮಾನ. ಈ ಪಂದ್ಯಗಳು ಎಷ್ಟು ಕೈಮೀರಿದವೆಂದರೆ 1336ರ ಕೆನ್ಮು ಶಾಸನದಲ್ಲಿ ಆಳುವವರು ಚಹಾ ಕೂಟಗಳ ಮೇಲೇ ಕೆಂಗಣ್ಣು ಬಿಟ್ಟರು. ಇನ್ನೊಂದು ಮಾತು, ಉಜಿಯವರಿಗೆ ಕೇಳಿಸದಂತೆ: ಮೊದಮೊದಲು 'ಅಸಲಿ' ಪಟ್ಟ ಉಜಿಗೂ ಇರಲಿಲ್ಲ. ಅದು ಆಮೇಲೆ ಸಿಕ್ಕಿದ ಬಡ್ತಿ.

ಈ ಗದ್ದಲವನ್ನೆಲ್ಲ ತೊಳೆದು ಚಹಾಕ್ಕೆ ದೀಕ್ಷೆ ಕೊಟ್ಟವರಲ್ಲಿ ದೊಡ್ಡ ಹೆಸರು ಸೆನ್ ನೊ ರಿಕ್ಯೂ. ಎರಡೇ ಚಾಪೆಯ ಕೋಣೆ, ಮಣ್ಣಿನ ಗೋಡೆ, ತಲೆ ತಗ್ಗಿಸಿ ತೆವಳಿಕೊಂಡೇ ಒಳಗೆ ಬರಬೇಕಾದ ಕಿಂಡಿ ಬಾಗಿಲು. ಆತನ ಒಡೆಯ ಹಿದೆಯೋಶಿಯಾದರೋ ಬಿಚ್ಚಿ ಜೋಡಿಸಬಹುದಾದ ಚಿನ್ನದ ಚಹಾ ಕೋಣೆಯನ್ನೇ ಮಾಡಿಸಿಕೊಂಡವನು. ಇಬ್ಬರಿಗೂ ಕೊನೆಗೆ ಸರಿಬರಲಿಲ್ಲ. 1591ರಲ್ಲಿ ರಿಕ್ಯೂ ಒಡೆಯನ ಅಪ್ಪಣೆಯಂತೆ ಹೊಟ್ಟೆ ಸೀಳಿಕೊಂಡು ಸಾಯಬೇಕಾಯಿತು. ಅವನ ವಂಶದ ಮನೆತನಗಳು ಈಗ ಮೂರು. ದಾಯಾದಿಗಳೆಂದ ಮೇಲೆ ವ್ಯಾಜ್ಯ ಬೇಡವೇ? ಉರಸೆನ್ಕೆಯವರು ಬಟ್ಟಲ ತುಂಬ ನೊರೆ ಬರಿಸುತ್ತಾರೆ, ಒಮೊತೆಸೆನ್ಕೆಯವರು ಒಂದು ಕಡೆ ನೊರೆಯಿಲ್ಲದೆ ಬಿಡುತ್ತಾರೆ. ಹೊಲದ ಬದುವಿಗೆ ಹೊಡೆದಾಡುವುದಕ್ಕಿಂತ ಇದು ಮೇಲು.

ದೀಕ್ಷೆಯಾದ ಮೇಲೂ ಠೀವಿ ಹೋಗಲಿಲ್ಲ. ಎದೋ ಕಾಲದಲ್ಲಿ ಶೋಗನ್‌ನ ಜಾಡಿಗಳು ಖಾಲಿಯಾಗಿ ಉಜಿಗೆ ಬಂದು, ಹೊಸ ಚಹಾ ತುಂಬಿಸಿಕೊಂಡು ಮೆರವಣಿಗೆಯಲ್ಲಿ ಅವನ ಊರಾದ ಎದೋಗೆ ಮರಳುತ್ತಿದ್ದವು. ಎದುರಾದ ಸಾಮಂತರೂ ಜಾಡಿಗೆ ದಾರಿ ಬಿಡಬೇಕಿತ್ತು. ಜಪಾನಿ ಮಕ್ಕಳು ಇಂದಿಗೂ ಆಡುತ್ತಾ ಹಾಡುವ ಒಂದು ಹಾಡು, ಜಾಡಿ ಬಂತೆಂದು ಒಳಗೋಡಿ ಬಾಗಿಲು ಹಾಕಿಕೊಂಡವರ ನೆನಪು ಎನ್ನುತ್ತಾರೆ.

ಕಿಟಕಿಯಿಂದ ಉಜಿ ಸೇತುವೆ ಕಾಣುತ್ತಿತ್ತು. ಅದರ ತುದಿಯಲ್ಲಿರುವ ತ್ಸೂಎನ್ ಅಂಗಡಿ 1160ರದ್ದು, ಈಗಿನ ಕಟ್ಟಡ 1672ರದ್ದು ಎಂದೆ. ಚಿಕ್ಕಮ್ಮ ಮನೆಲೆಕ್ಕ ಬರೆದವರು. "ಬೀಜ ಬಂದಿದ್ದು 1191 ಅಂದೆ. ಮೂವತ್ತೊಂದು ವರ್ಷ ಏನು ಕೊಡ್ತಿದ್ದರೋ, ಬರೀ ಬಿಸಿನೀರೇ?" ಚಹಾ ಅದಕ್ಕೂ ಮೊದಲೇ ಬಂದಿತ್ತು, 815ರಲ್ಲೇ ಸಾಗಾ ಚಕ್ರವರ್ತಿಗೆ ಕೊಟ್ಟ ದಾಖಲೆಯಿದೆ ಎಂದು ಅಂಗಡಿಯ ಪರವಾಗಿ ವಕಾಲತ್ತು ಮಾಡಿದೆ. ತೃಪ್ತಿಯಾದಂತೆ ಕಾಣಲಿಲ್ಲ. ಜಪಾನೀಯರೇ ಈ ಅಂಗಡಿಯ ಹೆಸರಿಗೆ ನಕ್ಕಿದ್ದಾರೆ. 'ತ್ಸೂಎನ್' ಎಂಬ ಕ್ಯೋಗೆನ್ ಪ್ರಹಸನದಲ್ಲಿ ಉಜಿ ಸೇತುವೆಯ ಚಹಾದವನ ಪ್ರೇತ ಬಂದು ತನ್ನ ಮರಣದ ಕತೆ ಹೇಳುತ್ತದೆ: ಮುನ್ನೂರು ಯಾತ್ರಿಕರಿಗೆ ಚಹಾ ಕಡೆದು ಕಡೆದೇ ಸತ್ತನಂತೆ! ಯುದ್ಧದಲ್ಲಿ ಸೋತು ಬ್ಯೋದೋಇನ್‌ನಲ್ಲಿ ಪ್ರಾಣಬಿಟ್ಟ ಯೋರಿಮಸನ ಬಗ್ಗೆ ಇರುವ ಗಂಭೀರವಾದ ನೋ ನಾಟಕದ ಅಣಕ ಅದು. ಇಂಥದ್ದನ್ನು ಆಡಿ ನಕ್ಕವರ ಚಹಾದ ಮುಂದೆ ನಾವೊಬ್ಬರೇ ಯಾಕೆ ಬೆದರಬೇಕು?

ಚಹಾದ ಜೊತೆ ಬರುವ ಸಿಹಿಯ ವಿಷಯಕ್ಕೆ ಬಂದರೆ ನಾನೂ ತಮಾಷೆ ಬಿಡುತ್ತೇನೆ. ಜಪಾನಿನಲ್ಲಿ ಸಸ್ಯಾಹಾರಿಗೆ ಸಾರಿನಂಥದ್ದು ಏನು ಕಂಡರೂ ಅನುಮಾನ. ತಳದಲ್ಲಿ ಒಣಮೀನಿನ ರಸ ಇದ್ದೇ ಇರುತ್ತದೆ. ಸಾಂಪ್ರದಾಯಿಕ ಸಿಹಿಗಳಲ್ಲಿ ಮಾತ್ರ ಬಹುಪಾಲು ನಿಶ್ಚಿಂತೆ. ಅಜುಕಿ ಎಂಬ ಕೆಂಪು ಕಾಳನ್ನು ಬೇಯಿಸಿ ಸಕ್ಕರೆ ಹಾಕಿ ಗೊಟಾಯಿಸಿದ ಹೂರಣ, ಅಕ್ಕಿಹಿಟ್ಟು, ಚೈನಾ ಗ್ರಾಸ್, ಅಷ್ಟೇ. ಹಾಲಿಲ್ಲ, ತುಪ್ಪವಿಲ್ಲ. ದೊರಾಯಾಕಿ, ಕಾಸ್ತೆಲಾದಲ್ಲಿ ಮೊಟ್ಟೆಯಿದೆ, ಅವುಗಳ ತಂಟೆಗೆ ಹೋಗಬಾರದು.

ನಾವು ಹೋದದ್ದು ಜೂನಿನ ಮಳೆಯಲ್ಲಿ. ನನಗೆ ಬಂದದ್ದು ಮಿನಾಜುಕಿ: ಬಿಳಿಯ ಮೆತ್ತನೆ ಹಿಟ್ಟಿನ ತ್ರಿಕೋನ, ಮೇಲೆ ಅಜುಕಿ ಕಾಳಿನ ಪದರ. ಕ್ಯೋಟೋದ ಸೀಮೆಯಲ್ಲಿ ಅರ್ಧ ವರ್ಷದ ಪಾಪ ಕಳೆಯುವ ಜೂನ್ 30ಕ್ಕೆ ಇದನ್ನು ತಿನ್ನುತ್ತಾರೆ. ತ್ರಿಕೋನವೆಂದರೆ ಮಂಜುಗಡ್ಡೆಯ ಚೂರು. ಬೇಸಿಗೆಯಲ್ಲಿ ಮಂಜುಗಡ್ಡೆ ಕಾಣದ ಬಡವರು ಸಿಹಿಯಲ್ಲೇ ಅದನ್ನು ಕಂಡುಕೊಂಡರಂತೆ. ಚಿಕ್ಕಮ್ಮನಿಗೆ ವರಾಬಿಮೊಚಿ, ಜರೀಗಿಡದ ಬೇರಿನ ಪಿಷ್ಟದಲ್ಲಿ ಮಾಡಿದ ನಡುಗುವ ತುಂಡುಗಳು, ಮೇಲೆ ಹುರಿದ ಸೋಯಾ ಹಿಟ್ಟು. ಇದನ್ನು ಬಾಯಲ್ಲಿಟ್ಟುಕೊಂಡು ಮಾತಾಡಬಾರದು. ಚಿಕ್ಕಮ್ಮ ಮಾತಾಡಿದರು. ಮುಂದಿನ ಮೇಜಿನವರೆಗೂ ಹಿಟ್ಟು ಹಾರಿತು. ಆ ಮೇಜಿನ ಅಜ್ಜಿ ತಲೆಬಾಗಿ ನಮಸ್ಕರಿಸಿದರು, ಇವರೂ ನಮಸ್ಕರಿಸಿದರು, ಆಕೆ ಮತ್ತೊಮ್ಮೆ ಬಾಗಿದರು. ಇದು ಮುಗಿಯುವುದರೊಳಗೆ ನನ್ನ ಚಹಾ ತಣ್ಣಗಾಯಿತು.

ಸಿಹಿ ಪೂರ್ತಿ ಮುಗಿದ ಮೇಲೇ ಚಹಾ ಎಂಬುದು ಕ್ರಮ. ಒಂದು ತುಂಡು, ಒಂದು ಗುಟುಕು ಎಂಬ ನಮ್ಮ ರೂಢಿ ಸಲ್ಲದು. ಅದಕ್ಕೆ ಅರ್ಥವಿದೆ ಎಂದು ಒಪ್ಪುತ್ತೇನೆ: ನಾಲಿಗೆಯ ಮೇಲೆ ಸಿಹಿ ಉಳಿದಿರುವಾಗ ಬರುವ ಕಹಿ ಹಿತವಾಗಿರುತ್ತದೆ. ಚಿಕ್ಕಮ್ಮ ಒಪ್ಪಲಿಲ್ಲ. "ಕಷಾಯ. ಕಷಾಯಕ್ಕೆ ಇಷ್ಟು ದುಡ್ಡು" ಎಂದು ತೀರ್ಪು ಕೊಟ್ಟರು.

ಹೊರಡುವಾಗ ಮಾಚಾ ಡಬ್ಬಿ ಮಾರುವ ಕಡೆ 'ಒಬ್ಬರಿಗೆ ಒಂದೇ' ಎಂಬ ಚೀಟಿ. ಜಗತ್ತಿಗೆಲ್ಲ ಮಾಚಾ ಹುಚ್ಚು ಹತ್ತಿ, 2024ರ ಶರತ್ಕಾಲದಲ್ಲಿ ಹೆಸರಾಂತ ಅಂಗಡಿಗಳೇ ಹೀಗೆ ಮಿತಿ ಹೇರಬೇಕಾಯಿತು. ಗಿಡಕ್ಕೆ ಹತ್ತಿರ ಹತ್ತಿರ ಮೂರು ವಾರ ನೆರಳು ಕಟ್ಟಬೇಕು, ಎಲೆಯ ನಾರು ತೆಗೆಯಬೇಕು, ಬೀಸುವ ಕಲ್ಲು ಗಂಟೆಗೆ ಕೊಡುವುದು ಬರೀ ನಲವತ್ತು ಗ್ರಾಂ. ಇದನ್ನೆಲ್ಲ ವಿವರಿಸುತ್ತಾ ತಿರುಗಿ ನೋಡಿದರೆ ಚಿಕ್ಕಮ್ಮ ಸಾಲಿನಲ್ಲಿದ್ದಾರೆ.

"ಕಷಾಯ ಅಂದಿರಲ್ಲ ಚಿಕ್ಕಮ್ಮ?"

"ಕುಡಿಯೋರು ಯಾರೋ? ಗೌರಿ ಹಬ್ಬಕ್ಕೆ ಕೊಬ್ಬರಿ ಮಿಠಾಯಿಗೆ ಹಾಕಿದರೆ ಬಣ್ಣ ಏನು ಚೆನ್ನಾಗಿ ಬರುತ್ತೆ ಗೊತ್ತಾ? ಎರಡು ಡಬ್ಬಿ ಬೇಕು. ನೀನು ನನ್ನ ಗುರುತೇ ಇಲ್ಲದವನ ಥರ ಹಿಂದೆ ಹೋಗಿ ನಿಂತ್ಕೋ."

ಜೋಮು ಹಿಡಿದ ಕಾಲು ಎಳೆದುಕೊಂಡು ಹೋಗಿ, ಮೂರು ಜನರ ಹಿಂದೆ ಅಪರಿಚಿತನಾಗಿ ನಿಂತೆ.