ಡಬ್ಬಿಗೇ ವೇಟಿಂಗ್ ಲಿಸ್ಟು

ಹುಬ್ಬಳ್ಳಿ ಡಿವಿಜನ್ನಿನಲ್ಲಿ 34 ವರ್ಷ ಗಾರ್ಡ್ ಆಗಿ ದುಡಿದವನು ನಾನು. 2022ರಲ್ಲಿ ಆ ಹುದ್ದೆಗೆ ‘ಟ್ರೇನ್ ಮ್ಯಾನೇಜರ್’ ಅಂತ ಹೊಸ ಹೆಸರಿಟ್ಟರು. ಅಷ್ಟರಲ್ಲಿ ನಾನು ರಿಟೈರಾಗಿದ್ದೆ, ಮ್ಯಾನೇಜರ್ ಆಗುವ ಯೋಗ ತಪ್ಪಿತು. ಸರ್ವಿಸಿನಲ್ಲಿ ಎಷ್ಟು ಸಾವಿರ ಡಬ್ಬಿ ಎಣಿಸಿದೆನೋ, ಒಂದು ಡಬ್ಬಿಗೆ ಎಷ್ಟು ಬೆಲೆ ಅಂತ ಮಾತ್ರ ಒಮ್ಮೆಯೂ ಕೇಳಲಿಲ್ಲ. ಸರ್ಕಾರದ್ದು, ನನಗ್ಯಾಕೆ? ಆ ಪ್ರಶ್ನೆ ಕೇಳುವ ಪ್ರಸಂಗ ಬಂದದ್ದು ಶಿಕಾಗೋ ಹತ್ತಿರದ ನೇಪರ್‌ವಿಲ್ಲಿನಲ್ಲಿ, ಮಗನ ಮನೆಯ ಬೇಸ್‌ಮೆಂಟಿನೊಳಗೆ.

ಅಲ್ಲಿ ಪುಣ್ಯಾತ್ಮ ಒಂದು ರೈಲ್ವೆ ಇಟ್ಟುಕೊಂಡಿದ್ದಾನೆ. ಹಳಿ, ಸಿಗ್ನಲ್ಲು, ಗುಡ್ಡ, ಸುರಂಗ, ಎಲ್ಲಾ ಉಂಟು.

“ಈ ವಯಸ್ಸಿನ್ಯಾಗ ಆಟಿಗಿ ಏನೋ?” ಅಂದೆ.

“ಆಟಿಗಿ ಅಲ್ಲಪಾ, ಮಾಡೆಲ್ಲು.”

ಮುರಿದರೆ ಮಕ್ಕಳು ಅಳುವುದು ಆಟಿಗೆ, ಅಪ್ಪ ಅಳುವುದು ಮಾಡೆಲ್ಲು ಅಂತ ನನಗೆ ನಾನೇ ಅರ್ಥ ಮಾಡಿಕೊಂಡೆ.

ಅವನು ಕಟ್ಟುತ್ತಿರುವ ಗಾಡಿಯ ಹೆಸರು ಕ್ಯಾಲಿಫೋರ್ನಿಯಾ ಝೆಫಿರ್. ಆ ಹೆಸರಿನ ಗಾಡಿ ಈಗಲೂ ನೇಪರ್‌ವಿಲ್ ಸ್ಟೇಷನ್ನಿನಲ್ಲಿ ದಿನಾ ನಿಲ್ಲುತ್ತದೆ. ಅದು ಇವನಿಗೆ ಬೇಡ. 1949ರಲ್ಲಿ ಶುರುವಾಗಿ 1970ರಲ್ಲಿ ನಿಂತುಹೋದ ಹಳೆಯ ಝೆಫಿರೇ ಬೇಕು. ಬಡ್ ಕಂಪನಿಯ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗಳು, ಅವುಗಳಲ್ಲಿ ಐದಕ್ಕೆ ನೆತ್ತಿಯ ಮೇಲೆ ಗಾಜಿನ ಗುಮ್ಮಟ. ಒಂದೊಂದು ಡಬ್ಬಿಗೂ ‘ಸಿಲ್ವರ್’ ಅಂತ ಆರಂಭವಾಗುವ ಹೆಸರು: ಸಿಲ್ವರ್ ಹೊರೈಝನ್, ಸಿಲ್ವರ್ ಸೋಲಾರಿಯಂ ಇತ್ಯಾದಿ. ಬೆಲೆ ಕೇಳಿದ ಮೇಲೆ ಆ ಹೆಸರು ಬಣ್ಣ ನೋಡಿ ಇಟ್ಟದ್ದಲ್ಲ ಅನ್ನಿಸಿತು.

ಒಂದು ಡಬ್ಬಿಗೆ 120 ಡಾಲರು! ಉದ್ದ ಎಷ್ಟು? ನಿಜವಾದ ಡಬ್ಬಿ 85 ಅಡಿ. ಎಚ್‌ಓ ಅನ್ನುವ ಅಳತೆಯಲ್ಲಿ ಅದರ 87ನೇ ಒಂದು ಪಾಲು, ಅಂದರೆ ಒಂದು ಅಡಿಗೆ ಕೂದಲೆಳೆ ಕಡಿಮೆ. ಅಡಿ ಲೆಕ್ಕದ ರೇಟನ್ನು ನಾನು ಸೈಟಿಗೆ ಮಾತ್ರ ಕೇಳಿದ್ದೆ. ಅದೇ ದುಡ್ಡಿಗೆ, ಮುಂಚಿತವಾಗಿ ಟಿಕೆಟ್ ತೆಗೆದರೆ, ನಿಜವಾದ ಝೆಫಿರಿನಲ್ಲೇ ಡೆನ್ವರ್‌ತನಕ ಕೂತುಹೋಗಬಹುದಂತೆ. ಇದನ್ನು ಹೇಳಿದವನೂ ಅವನೇ, ನಾಚಿಕೆ ಇಲ್ಲದೆ.

ಎಂಜಿನ್ ನೋಡಿ ಎಲ್ಲರೂ ಬಾಯಿ ಬಿಡುತ್ತಾರೆ, ಜೇಬು ಹರಿಯುವುದು ಡಬ್ಬಿಯಿಂದ. ಗೂಡ್ಸ್ ಗಾಡಿಯಾದರೆ ಚಿಂತೆಯಿಲ್ಲ. ಯಾವ ರೈಲ್ವೆಯ ವ್ಯಾಗನ್ನನ್ನು ಯಾವುದಕ್ಕೆ ಜೋಡಿಸಿದರೂ ನಡೆಯುತ್ತದೆ, ಹಳೆಯದು, ಅಗ್ಗದ್ದು, ಚಕ್ರ ಸವೆದದ್ದು ಯಾವುದಾದರೂ ಸೈ. ಪ್ಯಾಸೆಂಜರ್ ಡಬ್ಬಿಗಳು ಬೀಗರ ಹಾಗೆ. ಒಬ್ಬರನ್ನು ಕರೆದಿರೋ, ಅಷ್ಟೂ ಮಂದಿಯನ್ನು ಕರೆಯಬೇಕು, ಎಲ್ಲರಿಗೂ ಒಂದೇ ಬಣ್ಣದ ಸೀರೆ ಉಡಿಸಬೇಕು. ಝೆಫಿರಿಗೆ ಬೇಕಾದದ್ದು 11 ಡಬ್ಬಿ. ಲೆಕ್ಕ ಹಾಕಿದರೆ 1,320 ಡಾಲರು, ರೂಪಾಯಿಯಲ್ಲಿ ಲಕ್ಷ ದಾಟಿತು. ಎಂಜಿನ್ ಬೇರೆ, ಹಳಿ ಬೇರೆ. ಸಾಲದ್ದಕ್ಕೆ ಇಷ್ಟುದ್ದದ ಡಬ್ಬಿ ಸಣ್ಣ ತಿರುವಿನಲ್ಲಿ ಹಳಿ ತಪ್ಪುತ್ತದೆ. ದೊಡ್ಡ ತಿರುವು ಬೇಕು, ಅದಕ್ಕೆ ದೊಡ್ಡ ಬೇಸ್‌ಮೆಂಟು ಬೇಕು, ಅದರ ಮೇಲೊಂದು ದೊಡ್ಡ ಮನೆ ಬೇಕು. ಮನೆ ಸಾಲದ ಕಂತು ಕಟ್ಟುವ ಸೊಸೆಗೆ ಈ ಸರಪಳಿಯ ವಿಷಯ ನಾನು ಬಿಡಿಸಿ ಹೇಳಲಿಲ್ಲ.

ಡಬ್ಬಿಯೊಳಗೆ ಬಗ್ಗಿ ನೋಡಿದೆ. ಸೀಟುಂಟು, ದೀಪ ಉಂಟು, ಒಬ್ಬನೇ ಒಬ್ಬ ಪ್ರಯಾಣಿಕ ಇಲ್ಲ. “ಮಂದಿ ಎಲ್ಲೋ?” ಅಂದರೆ, “ಅವ್ರನ್ನ ಬ್ಯಾರೆ ಕೊಳ್ಳಬೇಕಪಾ” ಅಂದ. ಜರ್ಮನಿಯ ಪ್ರೈಸರ್ ಅನ್ನುವ ಕಂಪನಿ ಬೆರಳ ತುದಿಯಷ್ಟು ಮನುಷ್ಯರನ್ನು ಬಣ್ಣ ಬಳಿದು ಮಾರುತ್ತದೆ. ತಂದು ಕೂರಿಸಲು ಹೋದರೆ ಸೀಟಿನ ನಡುವೆ ಕಾಲು ಹಿಡಿಸುವುದಿಲ್ಲ. ಅದಕ್ಕೆ ಮೊಣಕಾಲಿನ ಕೆಳಗೆ ಕತ್ತರಿಸಿ ಅಂಟಿಸುತ್ತಾರೆ! ನಮ್ಮ ಜನರಲ್ ಬೋಗಿಯಲ್ಲೂ ಕಾಲಿಡಲು ಜಾಗವಿರಲಿಲ್ಲ. ಹಾಗಂತ ನಾವು ಯಾರ ಕಾಲನ್ನೂ ಕತ್ತರಿಸಲಿಲ್ಲ.

ಬೆಲೆ ಯಾಕೆ ಏರಿತು ಅಂತ ಕೇಳಿದ್ದೇ ತಪ್ಪಾಯಿತು, ಅರ್ಧ ದಿನದ ಉಪನ್ಯಾಸ. ಒಂದು ಕಾಲದಲ್ಲಿ ಅಥರ್ನ್ ಕಂಪನಿಯವರು ನೀಲಿ ಪೆಟ್ಟಿಗೆಯಲ್ಲಿ ಬಿಡಿಭಾಗ ಹಾಕಿ ಕೆಲವೇ ಡಾಲರಿಗೆ ಕೊಡುತ್ತಿದ್ದರು. ಮನೆಗೆ ತಂದು ಸ್ಕ್ರೂಡ್ರೈವರ್ ಹಿಡಿದು ಜೋಡಿಸಿದರೆ ಡಬ್ಬಿ ತಯಾರು. ಉದ್ದದಲ್ಲೂ ಕಳ್ಳತನ ಮಾಡಿ 85 ಅಡಿಯದನ್ನು 72ಕ್ಕೆ ಇಳಿಸಿದ್ದರು, ಸಣ್ಣ ತಿರುವಿನಲ್ಲೂ ಸಲೀಸಾಗಿ ಹೋಗುತ್ತಿತ್ತು. ಒಂದೇ ಅಚ್ಚಿನ ಡಬ್ಬಿಗೆ ಹತ್ತು ರೈಲ್ವೆಯ ಬಣ್ಣ ಬಳಿದು ಮಾರಿದರೂ ಜನ ಸುಮ್ಮನೆ ಓಡಿಸಿಕೊಂಡಿದ್ದರು.

ಆಮೇಲೆ ಬಂದರು ನೋಡಿ, ರಿವೆಟ್ ಎಣಿಸುವವರು. ಇದು ನಾನಿಟ್ಟ ಹೆಸರಲ್ಲ, ಆ ಹವ್ಯಾಸದವರು ತಮ್ಮವರನ್ನೇ ಕರೆಯುವುದು ಹಾಗೆ. “ಆ ಡಬ್ಬಿಗೆ ಈ ಕಿಟಕಿ ಇರಲೇ ಇಲ್ಲ, ಕೈಹಿಡಿ ಎರಡು ಇಂಚು ಕೆಳಗಿರಬೇಕು, ತಳದ ಬ್ಯಾಟರಿ ಪೆಟ್ಟಿಗೆ ತಪ್ಪು” ಅಂತ ಇವರು ಗಲಾಟೆ ಮಾಡಿದರು. ಕಂಪನಿಯವರು “ಆಗಲಿ” ಅಂದರು, ಒಂದೊಂದು ರಿವೆಟ್ಟನ್ನೂ ಬಿಲ್ಲಿಗೆ ಸೇರಿಸಿದರು. ಸರಿಯಾದ ಡಬ್ಬಿಗೆ ಅದರದೇ ಉಕ್ಕಿನ ಅಚ್ಚು ಬೇಕು, ಅಚ್ಚಿಗೆ ಹತ್ತಾರು ಸಾವಿರ ಡಾಲರು. ಎಂಜಿನ್ನಿನ ಅಚ್ಚಾದರೆ ಹಲವು ರೈಲ್ವೆಗಳಿಗೆ ಆಗಿಬರುತ್ತದೆ. ಝೆಫಿರಿನ ಗುಮ್ಮಟ ಝೆಫಿರಿಗೇ. ಕೊಳ್ಳುವವರು ನಾಲ್ಕು ಜನ, ಖರ್ಚು ಆ ನಾಲ್ವರ ತಲೆಗೇ. ಕೂದಲಿನಷ್ಟು ತೆಳುವಾದ ಕೈಹಿಡಿಗಳನ್ನು ಚೀನಾದ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಚಿಮಟದಲ್ಲಿ ಹಿಡಿದು ಅಂಟಿಸಬೇಕು. ಅವರ ಪಗಾರವೂ ಏರಿತು, ಏರಲಿ ಪಾಪ. ಆ ಕೆಲಸಕ್ಕೆ ನನ್ನ ಕಣ್ಣಂತೂ ಒಂದು ದಿನವೂ ತಡೆಯದು.

ಇದರ ಮೇಲೆ 2025ರ ಸುಂಕ. ಏಪ್ರಿಲ್‌ನಲ್ಲಿ ಚೀನಾದ ಸರಕಿಗೆ ಅಮೆರಿಕಾ ಶೇ. 145 ಹಾಕಿತು. ಮೇ ತಿಂಗಳಲ್ಲಿ 30ಕ್ಕೆ ಇಳಿಸಿತು. ನಡುವೆ ಹಡಗಿನಲ್ಲಿದ್ದ ಡಬ್ಬಿಗೆ ಎಷ್ಟು ಅಂತ ಬೆಳಿಗ್ಗೆ ಒಂದು ಲೆಕ್ಕ, ಸಂಜೆ ಒಂದು ಲೆಕ್ಕ. ನಾನು ಗಹಗಹಿಸಿ ನಗುವುದರೊಳಗೆ ಮಗ ನಮ್ಮೂರ ಕತೆ ತೆಗೆದ. ಭಾರತದಲ್ಲೂ ಆಟಿಗೆಯ ಆಮದು ಸುಂಕವನ್ನು 2020ರಲ್ಲಿ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ್ದಾರಂತೆ. ನಗು ಅಲ್ಲಿಗೇ ಲೂಪ್ ಲೈನಿಗೆ ಹೋಗಿ ನಿಂತಿತು.

ಇಷ್ಟು ದುಡ್ಡು ಹಿಡಿದುಕೊಂಡು ಹೋದರೂ ಅಂಗಡಿಯಲ್ಲಿ ಡಬ್ಬಿ ಸಿಗುವುದಿಲ್ಲ. ಮೊದಲೇ ಹೆಸರು ಬರೆಸಬೇಕು. ಬರೆಸಿದಷ್ಟೇ ಡಬ್ಬಿ ಮಾಡುತ್ತಾರೆ, ವರ್ಷವೋ ಎರಡು ವರ್ಷವೋ ಕಾಯಿಸುತ್ತಾರೆ. ಆಮೇಲೆ ಕೇಳಿದರೆ ಅಚ್ಚು ಮೂಲೆಗೆ ಹೋಗಿರುತ್ತದೆ. ನಮ್ಮಲ್ಲಿ ಡಬ್ಬಿಯೊಳಗಿನ ಸೀಟಿಗೆ ವೇಟಿಂಗ್ ಲಿಸ್ಟು, ಇಲ್ಲಿ ಡಬ್ಬಿಗೇ ವೇಟಿಂಗ್ ಲಿಸ್ಟು! ಆರ್‌ಎಸಿ ಸೌಲಭ್ಯವನ್ನೂ ಇಟ್ಟಿಲ್ಲ, ಇಬ್ಬರು ಹಂಚಿಕೊಂಡು ಒಂದು ಡಬ್ಬಿ ಕೊಳ್ಳೋಣ ಅಂದರೆ.

“ಇಷ್ಟು ತ್ರಾಸ ಯಾಕೋ, ಡಬ್ಬಿ ಬಿಡು, ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರಂ ಮಾಡು. ಜಗತ್ತಿನ್ಯಾಗ ಉದ್ದಂದು” ಅಂದೆ. ಅವನು ಮೊಬೈಲಿನಲ್ಲಿ 1,507 ಮೀಟರನ್ನು 87ರಿಂದ ಭಾಗಿಸಿದ. “57 ಅಡಿ ಆಕ್ಕೈತಪಾ. ಗ್ವಾಡಿ ಒಡದು ಬಾಜೂ ಮನಿಯಾಗ ಹೋಗಬೇಕಾಕ್ಕೈತಿ.” ಊರಿನ ಅಭಿಮಾನ ಅಲ್ಲಿಗೆ ಬಿಟ್ಟೆ.

ಸಂಜೆ ಗಾಡಿ ಓಡಿಸಿ ತೋರಿಸಿದ. ಏಳು ಡಬ್ಬಿ, ಬೆಳಕು ಹಾಕಿಕೊಂಡು, ಸುಳ್ಳು ಹೇಳಬಾರದು, ಚಂದ ಇತ್ತು. ಆದರೆ ಗಾಡಿಯ ಬಾಲ ನೋಡಿ ನನ್ನ ಹೊಟ್ಟೆ ಚುರುಕ್ಕೆಂದಿತು. ಝೆಫಿರಿನ ಕೊನೆಯಲ್ಲಿ ಗುಮ್ಮಟವುಳ್ಳ ಅಬ್ಸರ್ವೇಶನ್ ಡಬ್ಬಿ ಇರಬೇಕು. ಅದಕ್ಕೆ ಇವನು ಹೆಸರು ಬರೆಸಿದ್ದ, ಸುಂಕದ ಗದ್ದಲದಲ್ಲಿ ಬೆಲೆ ಏರಿತು ಅಂತ ಬಿಟ್ಟುಕೊಟ್ಟ. ಈಗ ಬಾಲದಲ್ಲಿ ಒಂದು ಸ್ಲೀಪರ್ ಡಬ್ಬಿ ಅನಾಥನಂತೆ ಓಲಾಡುತ್ತಿದೆ. ಕೊನೇ ಡಬ್ಬಿಯಲ್ಲಿ 34 ವರ್ಷ ಕೂತವನಿಗೆ ಇದು ಹೇಗಾದೀತು? ನಮ್ಮಲ್ಲಿ ಗಾಡಿಯ ಹಿಂದೆ ‘ಎಲ್‌ವಿ’, ಅಂದರೆ ‘ಲಾಸ್ಟ್ ವೆಹಿಕಲ್’ ಬೋರ್ಡು ಕಾಣದಿದ್ದರೆ ಇಡೀ ಗಾಡಿ ಬಂತು ಅಂತ ಸ್ಟೇಷನ್ ಮಾಸ್ತರ ಒಪ್ಪುವುದಿಲ್ಲ, ಹಿಂದಿನ ಗಾಡಿಗೆ ಲೈನ್ ಕ್ಲಿಯರ್ ಸಿಗುವುದಿಲ್ಲ.

ಮರುದಿನ ಅವನು ಆಫೀಸಿಗೆ ಹೋದ ಮೇಲೆ ಟೂತ್‌ಪೇಸ್ಟಿನ ರಟ್ಟು ಕತ್ತರಿಸಿ, ಅಕ್ಕಿಕಾಳಿನಷ್ಟು ಚೌಕದ ಮೇಲೆ ಬಾಲ್‌ಪೆನ್ನಿನಲ್ಲಿ ‘ಎಲ್‌ವಿ’ ಬರೆದು, ಆ ಸ್ಲೀಪರಿನ ಬೆನ್ನಿಗೆ ಗೋಂದು ಹಚ್ಚಿ ಅಂಟಿಸಿದೆ. ರಾತ್ರಿ ನೋಡಿದವನೇ ಹೌಹಾರಿದ.

“ಅಪ್ಪಾ! ಝೆಫಿರಿಗೆ ಎಲ್‌ವಿ ಎಲ್ಲಿತ್ತು? ನಾಳೆ ಗೆಳ್ಯಾರು ಬರ್ತಾರ, ರಿವೆಟ್ ಎಣಿಸೋ ಮಂದಿ!”

“ಎಣಿಸಲಿ. ಇದಕ್ಕ ರಿವೆಟ್ ಇಲ್ಲ” ಅಂದು, ಸೊಸೆಯ ಅಡುಗೆಮನೆಯಿಂದ ತಂದಿಟ್ಟುಕೊಂಡಿದ್ದ ಹಸಿರು ಟವೆಲ್ಲು ಬೀಸಿದೆ. “ನೀ ಗಾಡಿ ಬಿಡು.”